ಕದ್ದವನಿಗಿಂತ ಕೊಂಡವನು: ಇಂಗ್ಲೆಂಡಿನ ಗುಜರಿ ಕಾನೂನಿನ ಮುನ್ನೂರು ವರ್ಷ

1731ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಚರ್ಚಿನ ಛಾವಣಿ ಹತ್ತಿ, ಅದಕ್ಕೆ ಹೊದಿಸಿದ ಸೀಸದ ತಗಡನ್ನು ಕಿತ್ತು, ಸುರುಳಿ ಸುತ್ತಿ ಹೊತ್ತುಕೊಂಡು ಹೋದವನ ಮೇಲೆ ಕಳ್ಳತನದ ಮೊಕದ್ದಮೆ ಹೂಡಲು ಬರುತ್ತಿರಲಿಲ್ಲ. ಅಲ್ಲಿಯ ರೂಢಿಯ ಕಾನೂನಿನ ಪ್ರಕಾರ ಕಳವು ಎನ್ನುವುದು ಚರ ಸೊತ್ತಿಗೆ ಮಾತ್ರ ಸಲ್ಲುವ ಮಾತು. ಮೊಳೆ ಹೊಡೆದು ಕೂರಿಸಿದ ಸೀಸ ಕಟ್ಟಡದ ಭಾಗ, ಕಟ್ಟಡ ನೆಲದ ಭಾಗ, ನೆಲವನ್ನು ಯಾರು ತಾನೇ ಕದ್ದಾರು? ಕಿತ್ತದ್ದನ್ನು ಆಗಿಂದಾಗಲೇ ಹೊತ್ತು ನಡೆದರೆ ಕಳವಲ್ಲ. ಆದರೆ ಕಿತ್ತು ಕೆಳಗೆಸೆದು, ಮನೆಗೆ ಹೋಗಿ ಉಂಡು ಬಂದು, ಆಮೇಲೆ ಹೊತ್ತರೆ ಕಳವು. ನಡುವಿನ ಹೊತ್ತಿನಲ್ಲಿ ಅದು ನೆಲದಿಂದ ಬೇರ್ಪಟ್ಟು ಚರ ಸೊತ್ತಾಗಿಬಿಡುತ್ತಿತ್ತಂತೆ. ಆತುರದ ಕಳ್ಳನಿಗೆ ಒಂದು ನ್ಯಾಯ, ನಿಧಾನಸ್ಥನಿಗೆ ಇನ್ನೊಂದು! ಇಂಥ ತರ್ಕ ವಕೀಲರಿಗೆ ಹಿಡಿಸಬಹುದು, ಸೋರುವ ಛಾವಣಿಯ ಕೆಳಗೆ ಕೂತ ಪಾದ್ರಿಗೆ ಹಿಡಿಸೀತೆ? 1731ರಲ್ಲಿ ಪಾರ್ಲಿಮೆಂಟು ಕಟ್ಟಡಕ್ಕೆ ಜೋಡಿಸಿದ ಸೀಸ, ಕಬ್ಬಿಣದ ಸರಳುಗಳನ್ನು ಕದಿಯುವುದನ್ನು ಅಪರಾಧವೆಂದು ಘೋಷಿಸಿ, ಏಳು ವರ್ಷ ಸಾಗರದಾಚೆಗೆ ಗಡಿಪಾರು ಮಾಡುವ ಶಿಕ್ಷೆ ಇಟ್ಟಿತು.

ಕಳ್ಳನೇನೋ ಕಾನೂನಿನೊಳಗೆ ಬಂದ. ಮಾಲು ಕೊಳ್ಳುವವನನ್ನು ಹಿಡಿಯುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ಮುಂದಿನ ಮುನ್ನೂರು ವರ್ಷ ಇಂಗ್ಲೆಂಡಿನ ಸರ್ಕಾರಗಳು ಬೆನ್ನಟ್ಟಿದ್ದು ಮುಖ್ಯವಾಗಿ ಅವನನ್ನೇ. ಛಾವಣಿ ಏರಿದವನು ಕತ್ತಲಲ್ಲಿ ಮಾಯವಾಗುತ್ತಾನೆ, ಕೊಂಡವನಿಗೆ ಅಂಗಡಿ ಇರುತ್ತದೆ, ತಕ್ಕಡಿ ಇರುತ್ತದೆ, ವಿಳಾಸ ಇರುತ್ತದೆ. ಕದ್ದ ಹಸುವಾದರೆ ಬಣ್ಣ, ಕೊಂಬು, ಸುಳಿ ನೋಡಿ ಗುರುತು ಹಿಡಿಯಬಹುದು. ಸೀಸ 327 ಡಿಗ್ರಿಗೆಲ್ಲ ಕರಗುತ್ತದೆ, ಅದಕ್ಕೆ ಅಡುಗೆಮನೆಯ ಒಲೆ, ಒಂದು ಕಬ್ಬಿಣದ ಬಾಣಲೆ ಸಾಕು. ಕರಗಿದ ಮೇಲೆ ಅದು ಯಾವ ಊರಿನ ಚರ್ಚಿನದೆಂದು ಹೇಳುವವರು ಯಾರು? ಲೋಹ ಬಾಯಿ ಬಿಡುವುದಿಲ್ಲ ಎಂದಾದ ಮೇಲೆ ಲೋಹದ ವ್ಯಾಪಾರಿಯ ಬಾಯಿ ಬಿಡಿಸಬೇಕು. ಈ ಸಂಗತಿ ಸರ್ಕಾರಕ್ಕೆ ಬೇಗನೆ ಹೊಳೆಯಿತು. ಅದನ್ನು ಹೇಗೆ ಮಾಡಬೇಕೆಂದು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು.

1756ರ ಕಾಯ್ದೆ ಮೊದಲ ದೊಡ್ಡ ಪ್ರಯತ್ನ. ಸೀಸ, ಕಬ್ಬಿಣ, ತಾಮ್ರ, ಹಿತ್ತಾಳೆ, ಗಂಟೆಯ ಕಂಚು, ಬೆಸುಗೆ ಲೋಹ ಎಂದು ಹೆಸರು ಹೇಳಿ ಹೇಳಿ ಅದನ್ನು ಬರೆದಿದ್ದರು. ಅಲ್ಲಿಯವರೆಗೆ ಕಳವು ಮಾಲು ಕೊಂಡವನನ್ನು ಕಠಿಣವಾಗಿ ಶಿಕ್ಷಿಸಬೇಕಾದರೆ ಮೊದಲು ಕಳ್ಳ ಸಿಕ್ಕಿ, ಅವನ ಅಪರಾಧ ಸಾಬೀತಾಗಬೇಕಿತ್ತು. ಕಳ್ಳ ಓಡಿಹೋದರೆ ಕೊಂಡವನು ಬಹುಮಟ್ಟಿಗೆ ಬಚಾವು. ಹೊಸ ಕಾಯ್ದೆ ಈ ಕೊಂಡಿಯನ್ನು ಕತ್ತರಿಸಿತು. ಕಳ್ಳ ಸಿಗದಿದ್ದರೂ ಸರಿಯೆ, ಕಳವಿನದೆಂದು ತಿಳಿದೂ ಲೋಹ ಕೊಂಡವನನ್ನು ಹದಿನಾಲ್ಕು ವರ್ಷ ಗಡಿಪಾರು ಮಾಡಬಹುದಿತ್ತು. ಕದ್ದವನಿಗೆ ಏಳು, ಕೊಂಡವನಿಗೆ ಹದಿನಾಲ್ಕು. ಯಾರನ್ನು ದೊಡ್ಡ ಪಾಪಿಯೆಂದು ಭಾವಿಸಿದ್ದರು ಎನ್ನುವುದಕ್ಕೆ ಈ ಎರಡು ಸಂಖ್ಯೆಗಳು ಸಾಕು. ರಾತ್ರಿ ಹೊತ್ತು ಹಳೆ ಲೋಹ ಹೊತ್ತು ಹೋಗುವವನನ್ನು ಕಾವಲುಗಾರರು ತಡೆದು ಕೇಳಬಹುದಿತ್ತು. ಎಲ್ಲಿಂದ ಬಂತೆಂದು ಸರಿಯಾದ ಲೆಕ್ಕ ಕೊಡಲಾಗದಿದ್ದರೆ ಅದೇ ಒಂದು ಅಪರಾಧ. ನಿರಪರಾಧಿ ಎಂದು ತೋರಿಸುವ ಹೊಣೆಯನ್ನು ಮಾಲು ಹೊತ್ತವನ ತಲೆಗೇ ಕಟ್ಟಿದ ಈ ಉಪಾಯವನ್ನು ನೆನಪಿಡಬೇಕು, ಇದು ಮುಂದೆ ಭಾರತದವರೆಗೂ ಬರುತ್ತದೆ.

ನೌಕಾಪಡೆ ಬೇರೆಯದೇ ದಾರಿ ಹಿಡಿದಿತ್ತು. ಮನುಷ್ಯರನ್ನು ನಂಬುವುದಕ್ಕಿಂತ ಸಾಮಾನಿಗೇ ಗುರುತು ಹಾಕುವುದು ಅದರ ಪದ್ಧತಿ. ರಾಜನ ಉಗ್ರಾಣದ ಕಬ್ಬಿಣ, ತಾಮ್ರಗಳ ಮೇಲೆ ಅಗಲ ಬಾಣದ ಮುದ್ರೆ ಒತ್ತುತ್ತಿದ್ದರು, ಹಡಗಿನ ಹಗ್ಗದ ಎಳೆಗಳ ನಡುವೆ ಬಣ್ಣದ ಒಂದು ನೂಲನ್ನು ಹೊಸೆಯುತ್ತಿದ್ದರು. ಹಗ್ಗವನ್ನು ಎಷ್ಟೇ ತುಂಡು ಮಾಡಿದರೂ ಪ್ರತಿ ತುಂಡಿನಲ್ಲೂ ಆ ನೂಲು ಇಣುಕುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲೇ ಬಂದ ಕಾನೂನಿನಂತೆ ಈ ಮುದ್ರೆಯ ಸಾಮಾನು ದಾಖಲೆಯಿಲ್ಲದೆ ಮನೆಯಲ್ಲಿ ಸಿಕ್ಕರೆ ದಂಡ. ಹಗ್ಗದ ಮಟ್ಟಿಗೆ ಇದು ಜಾಣತನ. ತಾಮ್ರಕ್ಕೆ ಬಂದಾಗ ಕುಲುಮೆ ಮುದ್ರೆಯನ್ನು ನುಂಗಿಹಾಕುತ್ತದೆ. 1780ರ ಆಸುಪಾಸಿನಲ್ಲಿ ಇಡೀ ನೌಕಾಪಡೆಯ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸಿದ ಮೇಲಂತೂ ಹಡಗುಕಟ್ಟೆಯ ಸುತ್ತಲಿನ ಹಳೆ ಕಬ್ಬಿಣದಂಗಡಿಗಳಿಗೆ ಹಬ್ಬ.

ಈ ಅಂಗಡಿಗಳನ್ನು ಮೊಟ್ಟಮೊದಲು ಒಂದು ವ್ಯವಸ್ಥೆಯಾಗಿ ಕಂಡವನು ಪ್ಯಾಟ್ರಿಕ್ ಕೋಹೂನ್. ಸ್ಕಾಟ್‌ಲೆಂಡಿನ ವ್ಯಾಪಾರಿ, ಗ್ಲಾಸ್ಗೋ ನಗರದಲ್ಲಿ ಮೇಯರನಿಗೆ ಸಮಾನವಾದ ಹುದ್ದೆಯಲ್ಲಿದ್ದವನು, 1792ರಲ್ಲಿ ಲಂಡನ್ನಿನ ಮ್ಯಾಜಿಸ್ಟ್ರೇಟನಾದ. ಲೆಕ್ಕದ ಹುಚ್ಚು ಅವನಿಗೆ. ರಾಜಧಾನಿಯ ಪೊಲೀಸ್ ವ್ಯವಸ್ಥೆಯ ಬಗ್ಗೆ 1796ರಲ್ಲಿ ಬರೆದ ಪುಸ್ತಕದಲ್ಲಿ ಲಂಡನ್ನಿನಲ್ಲಿ ಕಳವು ಮಾಲು ಕೊಳ್ಳುವವರು 3,000ಕ್ಕೂ ಹೆಚ್ಚು ಎಂದ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಅವನ ಅಂದಾಜಿನಿಂದ ಎಂದೇ. ಸಂಖ್ಯೆಗಿಂತ ಅವನ ವಾದ ಮುಖ್ಯವಾದದ್ದು. ಕೊಳ್ಳುವವನಿಲ್ಲದಿದ್ದರೆ ಕದಿಯುವವನೂ ಇರುವುದಿಲ್ಲ, ಆದ್ದರಿಂದ ಹಳೆ ಲೋಹದ ವ್ಯಾಪಾರಿಗಳಿಗೆಲ್ಲ ಪರವಾನಗಿ ಕಡ್ಡಾಯ ಮಾಡಿ, ಜಾಮೀನು ಪಡೆದು, ಒಂದು ಕೇಂದ್ರ ಕಚೇರಿಯ ನಿಗಾದಲ್ಲಿಡಬೇಕು ಎಂದು ಅವನು ಬರೆದ. 1798ರಲ್ಲಿ ಪಾರ್ಲಿಮೆಂಟಿನ ಹಣಕಾಸು ಸಮಿತಿ ಅವನ ಯೋಜನೆಗೆ ತಲೆದೂಗಿತು. ಕಾನೂನಂತೂ ಆಗಲಿಲ್ಲ. ಪೊಲೀಸ್ ಎನ್ನುವುದೇ ಫ್ರೆಂಚರ ದಬ್ಬಾಳಿಕೆಯ ಯಂತ್ರವೆಂದು ಇಂಗ್ಲಿಷರು ನಂಬಿದ್ದ ಕಾಲ ಅದು. ವ್ಯಾಪಾರಿಯ ಅಂಗಡಿಗೆ ಸರ್ಕಾರ ಪರವಾನಗಿ ಕೊಡುವುದೆಂದರೆ ಸ್ವಾತಂತ್ರ್ಯಕ್ಕೆ ಕುತ್ತು. ಅವನು ಕೇಳಿದ ಪರವಾನಗಿ ಇಡೀ ಇಂಗ್ಲೆಂಡಿಗೆ ಬಂದದ್ದು 2013ರಲ್ಲಿ.

ಅವನಿಗೆ ಸಿಕ್ಕಿದ್ದು ನದಿ ಮಾತ್ರ. ವೆಸ್ಟ್ ಇಂಡೀಸ್ ವ್ಯಾಪಾರಿಗಳ ದುಡ್ಡಿನಿಂದ, ಜಾನ್ ಹ್ಯಾರಿಯಟ್ ಎಂಬ ಸಾಹಸಿಯ ಜೊತೆ ಸೇರಿ 1798ರ ಜುಲೈ 2ರಂದು ಥೇಮ್ಸ್ ದಂಡೆಯ ವಾಪಿಂಗ್‌ನಲ್ಲಿ ನದಿ ಪೊಲೀಸ್ ಕಚೇರಿ ತೆರೆದ. ಅಕ್ಟೋಬರ್ 16ರಂದು, ಕಲ್ಲಿದ್ದಲು ಕದ್ದ ಕೂಲಿಗಳಿಗೆ ದಂಡ ಹಾಕಿದ ರಾತ್ರಿ, ಸಿಟ್ಟಿಗೆದ್ದ ಗುಂಪು ಕಚೇರಿಗೆ ಕಲ್ಲು ತೂರಿತು. ಗಲಭೆಯಲ್ಲಿ ಗೇಬ್ರಿಯಲ್ ಫ್ರಾಂಕ್ಸ್ ಎಂಬ ಸಿಬ್ಬಂದಿ ಗುಂಡು ತಾಗಿ ಸತ್ತ. ಗಲಭೆಕಾರರ ಕಡೆಯೂ ಒಬ್ಬ ಸತ್ತ. ಇಷ್ಟೊಂದು ಕೋಪ ಯಾಕೆ? ಇತಿಹಾಸಕಾರರು ಬೇರೆಯಾಗುವುದು ಇಲ್ಲಿ. ಪೀಟರ್ ಲೈನ್‌ಬೌ ಮತ್ತು ಅವನ ಜಾಡಿನಲ್ಲಿ ನಡೆದವರ ಪ್ರಕಾರ ಕೋಹೂನ್ ಕಳ್ಳತನವೆಂದು ಕರೆದದ್ದರಲ್ಲಿ ಬಹುಪಾಲು ಕೂಲಿಗಳ ಮಾಮೂಲು ಹಕ್ಕು. ಹಡಗು ಕಟ್ಟುವ ಬಡಗಿ ಚಕ್ಕೆ, ಮರದ ತುಂಡು ಮನೆಗೊಯ್ಯುವುದು, ಮೂಟೆ ಇಳಿಸುವವನು ಚೆಲ್ಲಿದ ಸಕ್ಕರೆ ಬಾಚಿಕೊಳ್ಳುವುದು ತಲೆಮಾರುಗಳಿಂದ ನಡೆದು ಬಂದದ್ದು. ಸಂಬಳ ತಿಂಗಳುಗಟ್ಟಲೆ ಬಾಕಿ ಇಡುತ್ತಿದ್ದ ಒಡೆಯರು ಅದನ್ನು ಕಂಡೂ ಕಾಣದಂತಿದ್ದರು. ಆ ಹಕ್ಕನ್ನು ಅಪರಾಧ ಮಾಡಿ, ಕೂಲಿಯೆಂದರೆ ನಗದು ಮಾತ್ರ ಎಂಬ ಹೊಸ ಶಿಸ್ತನ್ನು ಹೇರಿದರು ಎನ್ನುತ್ತಾರೆ ಇವರು. ಇನ್ನು ಕೆಲವರು, ಮಾಮೂಲು ಎಂಬ ಮುಸುಕಿನೊಳಗೆ ಗುಂಪು ಕಟ್ಟಿ ರಾತ್ರೋರಾತ್ರಿ ಹಡಗು ಖಾಲಿ ಮಾಡುವವರೂ ಇದ್ದರು ಎಂದು ನೆನಪಿಸುತ್ತಾರೆ. ಎರಡೂ ನಿಜವಿರಬೇಕು. ಬಡವನ ಬುಟ್ಟಿ, ದರೋಡೆಕೋರನ ಗಾಡಿ ಎರಡೂ ಹೋಗಿ ಖಾಲಿಯಾಗುತ್ತಿದ್ದದ್ದು ಒಂದೇ ಅಂಗಡಿಯಲ್ಲಿ. ಹಾಗಾಗಿ ಅಂಗಡಿಯ ಮೇಲೆ ಹಾಕಿದ ಪ್ರತಿ ನಿಯಮದ ಪೆಟ್ಟೂ ಇಬ್ಬರಿಗೂ ಬಿತ್ತು. ಇದು ಇಂದಿಗೂ ಬದಲಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನ ಲಂಡನ್ನಿನಲ್ಲಿ ಆ ಅಂಗಡಿ ಹೇಗಿತ್ತೆಂದು ನೋಡಬೇಕೆಂದರೆ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಕ್ರೂಕ್‌ನ ಅಂಗಡಿಗೆ ಹೋಗಬೇಕು. ಚಿಂದಿ, ಬಾಟಲಿ, ಎಲುಬು, ಹಳೆ ಕಬ್ಬಿಣ, ರದ್ದಿ ಕಾಗದ ಎಲ್ಲವನ್ನೂ ಅವನು ಕೊಳ್ಳುತ್ತಾನೆ, ಮಾರುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಅವನಿಗೆ ಓದಲೂ ಬರುವುದಿಲ್ಲ. ಆ ಕಾದಂಬರಿ ಕಂತುಗಳಲ್ಲಿ ಬಂದು ಮುಗಿದದ್ದು 1853ರಲ್ಲಿ. ಮರುವರ್ಷವೇ ಬಂದ ವ್ಯಾಪಾರಿ ಹಡಗುಗಳ ಕಾಯ್ದೆ, ಹಡಗಿನ ಹಳೆ ಸಾಮಾನನ್ನೂ ಕೊಳ್ಳುವ ಇಂಥ ವ್ಯಾಪಾರಿಗಳೆಲ್ಲ ಲೆಕ್ಕದ ಪುಸ್ತಕ ಬರೆದಿಡಬೇಕೆಂದು ವಿಧಿಸಿತು! ಅಂಗಡಿಯ ಮೇಲೆ ಹೆಸರನ್ನೂ ಕಸುಬನ್ನೂ ಆರು ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಬರೆಸಬೇಕು, ನೋಡಿದರೆ ಹದಿನಾರು ತುಂಬಿಲ್ಲ ಎನಿಸುವವರಿಂದ ಏನನ್ನೂ ಕೊಳ್ಳಬಾರದು, ಹಡಗಿನ ಉದ್ದನೆಯ ಹಗ್ಗವನ್ನು ಅಪ್ಪಣೆಯಿಲ್ಲದೆ ಕತ್ತರಿಸಬಾರದು. ಕಾನೂನು ಬರೆದವರು ಕ್ರೂಕ್‌ನಂಥವನ ಅಂಗಡಿಗೆ ಒಮ್ಮೆಯಾದರೂ ಹೋಗಿದ್ದರೋ ಇಲ್ಲವೋ.

ಹಡಗಿನ ಸಾಮಾನು ಬಿಟ್ಟು ಹಳೆ ಲೋಹಕ್ಕೆಂದೇ ಕಾಯ್ದೆ ಬಂದದ್ದು 1861ರಲ್ಲಿ. ಕಳವು ಮಾಲು ಇಟ್ಟುಕೊಂಡು ಸಿಕ್ಕಿಬಿದ್ದ ವ್ಯಾಪಾರಿಯ ಹೆಸರನ್ನು ಪೊಲೀಸ್ ಪಟ್ಟಿಗೆ ಸೇರಿಸಿ, ಅಲ್ಲಿಂದ ಮುಂದೆ ಅವನು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕೊಳ್ಳಬಾರದು, ಕೊಂಡದ್ದನ್ನು 48 ಗಂಟೆ ಕಾಲ ಕರಗಿಸದೆ, ರೂಪ ಬದಲಿಸದೆ ಇಡಬೇಕು ಎಂದಿತು. 48 ಗಂಟೆಯ ನಿಯಮ ಜಾಣ ನಿಯಮ. ಕಳ್ಳತನದ ದೂರು ಠಾಣೆಗೆ ಬಂದು, ಪೊಲೀಸರು ಅಂಗಡಿಗೆ ಹೋಗುವಷ್ಟರಲ್ಲಿ ಮಾಲು ಇನ್ನೂ ತನ್ನ ಮೂಲ ಆಕಾರದಲ್ಲಿರಲಿ ಎನ್ನುವುದು ಅದರ ಉದ್ದೇಶ.

ಹತ್ತು ವರ್ಷದ ನಂತರ, 1871ರ ಅಪರಾಧ ತಡೆ ಕಾಯ್ದೆಯಲ್ಲಿ, ಒಂದು ವಿಚಿತ್ರ ಕೋಷ್ಟಕ ಬಂತು. ಹಳೆ ಲೋಹದ ವ್ಯಾಪಾರಿ ಒಂದು ಸಲಕ್ಕೆ 112 ಪೌಂಡಿಗಿಂತ ಕಡಿಮೆ ಸೀಸ ಕೊಳ್ಳಬಾರದು. ತಾಮ್ರ, ಹಿತ್ತಾಳೆ, ತವರ ಮುಂತಾದವನ್ನು 56 ಪೌಂಡಿಗಿಂತ ಕಡಿಮೆ ಕೊಳ್ಳಬಾರದು. ನಮ್ಮ ಲೆಕ್ಕದಲ್ಲಿ ಸೀಸ ಐವತ್ತು ಕಿಲೋ, ತಾಮ್ರ ಇಪ್ಪತ್ತೈದು ಕಿಲೋ. ಜೇಬಿನಲ್ಲಿ ನಲ್ಲಿಯ ತುಂಡು ಇಟ್ಟುಕೊಂಡು ಬರುವ ಹುಡುಗ, ಕಾರ್ಖಾನೆಯಿಂದ ಬಟ್ಟೆಯೊಳಗೆ ಹಿತ್ತಾಳೆ ತುಂಡು ಬಚ್ಚಿಟ್ಟು ತರುವ ಕೆಲಸಗಾರ, ಇಂಥವರಿಗೆ ಅಂಗಡಿಯ ಬಾಗಿಲು ಮುಚ್ಚಬೇಕೆಂಬುದು ಆಲೋಚನೆ. ಚಿಲ್ಲರೆ ಕಳ್ಳರನ್ನು ದೂರವಿಟ್ಟರೆ ಉಳಿಯುವವರು ಮರ್ಯಾದಸ್ಥ ಸಗಟು ವ್ಯಾಪಾರಿಗಳು ಎಂದು ಅವರ ನಂಬಿಕೆ. ಒಂದೇ ರಾತ್ರಿಯಲ್ಲಿ ಚರ್ಚಿನ ಛಾವಣಿಯನ್ನೇ ಬೋಳಿಸಿ ಗಾಡಿಯಲ್ಲಿ ತಂದವನಿಗೆ ಈ ಕೋಷ್ಟಕ ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ. ಆ ಶತಮಾನಕ್ಕೆ ಭಯ ಇದ್ದದ್ದು ಬೀದಿ ಹುಡುಗರ ಬಗ್ಗೆ.

ಎರಡನೆಯ ಮಹಾಯುದ್ಧದಲ್ಲಿ ಸರ್ಕಾರವೇ ಮನೆ ಮನೆಯ ಕಬ್ಬಿಣದ ಬೇಲಿಗಳನ್ನು ಕಿತ್ತು ಗುಜರಿಗೆ ಸಾಗಿಸಿದ ಕಥೆ ಬೇರೆ. ಯುದ್ಧದ ನಂತರ ಕೈಗಾರಿಕೆ ಬೆಳೆದು ತಾಮ್ರ, ಸೀಸದ ಬೇಡಿಕೆ ಏರಿದಾಗ ಹಳೆಯ ಕಾಯ್ದೆಗಳು ಸಾಲದಾದವು. ಕುದುರೆ ಗಾಡಿಯಲ್ಲಿ ಬೀದಿ ಬೀದಿ ಸುತ್ತುವ ಗುಜರಿ ವ್ಯಾಪಾರಿ ಅಪ್ಪ-ಮಗನ ಜಗಳವನ್ನು ಬಿಬಿಸಿ ‘ಸ್ಟೆಪ್ಟೋ ಅಂಡ್ ಸನ್’ ಎಂಬ ಧಾರಾವಾಹಿ ಮಾಡಿ 1962ರಿಂದ ಇಡೀ ದೇಶವನ್ನು ನಗಿಸುತ್ತಿದ್ದ ಹೊತ್ತಿನಲ್ಲೇ, 1964ರಲ್ಲಿ, ಗುಜರಿ ಲೋಹ ವ್ಯಾಪಾರಿಗಳ ಕಾಯ್ದೆ ಬಂತು. 1861ರದನ್ನು ರದ್ದು ಮಾಡಿ, ಪ್ರತಿಯೊಬ್ಬ ವ್ಯಾಪಾರಿಯೂ ಸ್ಥಳೀಯ ಆಡಳಿತದಲ್ಲಿ ಮೂರು ವರ್ಷಕ್ಕೊಮ್ಮೆ ಹೆಸರು ನೋಂದಾಯಿಸಬೇಕು, ಕೊಂಡದ್ದು ಎಷ್ಟು, ಯಾವತ್ತು, ಯಾರಿಂದ ಎಂದು ಪುಸ್ತಕದಲ್ಲಿ ಬರೆಯಬೇಕು ಎಂದಿತು.

ಕಾಗದದ ಮೇಲೆ ಚೆನ್ನಾಗಿತ್ತು. ನೋಂದಣಿಗೆ ಅರ್ಜಿ ಹಾಕಿದವನ ಹೆಸರನ್ನು ಬರೆದುಕೊಳ್ಳಲೇಬೇಕು, ಇವನು ಯೋಗ್ಯನಲ್ಲ ಎಂದು ನಿರಾಕರಿಸುವ ಅಧಿಕಾರ ಆಡಳಿತಕ್ಕೆ ಇರಲಿಲ್ಲ. ಮಾರುವವನ ಹೆಸರು ಬರೆಯಬೇಕು ಸರಿ, ಅದು ಅವನದೇ ಹೆಸರೋ ಎಂದು ಪರೀಕ್ಷಿಸುವ ಹೊಣೆ ವ್ಯಾಪಾರಿಗೆ ಇರಲಿಲ್ಲ. ದುಡ್ಡು ನಗದು. ಬಾಯಿಗೆ ಬಂದ ಹೆಸರು ಬರೆಸಿ, ನೋಟು ಎಣಿಸಿ ಜೇಬಿಗಿಟ್ಟು ಹೋದರೆ ಮುಗಿಯಿತು, ಆಮೇಲೆ ಪೊಲೀಸರು ಆ ಪುಸ್ತಕವನ್ನು ಎಷ್ಟು ತಿರುವಿದರೂ ಏನು ಸಿಗಬೇಕು? ನಲವತ್ತು ವರ್ಷ ಈ ಕಾಯ್ದೆ ಯಾರ ಕಣ್ಣನ್ನೂ ಕುಕ್ಕದೆ ಬದುಕಿದ್ದಕ್ಕೆ ಕಾರಣ ಒಂದೇ, ಲೋಹದ ಬೆಲೆ ತೀರಾ ಏರಲಿಲ್ಲ.

ಇಲ್ಲಿ ಭಾರತದ ಮಾತು. ಸ್ವತಂತ್ರ ಭಾರತ ಲೆಕ್ಕದ ಪುಸ್ತಕ ಬರೆಸುವ ದಾರಿಗಿಂತ, ಮಾಲು ಇಟ್ಟುಕೊಂಡವನೇ ಲೆಕ್ಕ ಕೊಡಬೇಕೆಂಬ 1756ರ ದಾರಿಯನ್ನೇ ಹೆಚ್ಚು ನೆಚ್ಚಿಕೊಂಡಿತು. ತಂತಿ ಇಲಾಖೆಯ ತಾಮ್ರದ ತಂತಿ ಎಗ್ಗಿಲ್ಲದೆ ಮಾಯವಾಗತೊಡಗಿದಾಗ 1950ರಲ್ಲಿ ಒಂದು ಕಾಯ್ದೆ ಮಾಡಿ, ನಿಗದಿತ ದಪ್ಪದ ತಂತಿಯನ್ನು ಖಾಸಗಿಯವರು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿದರು. ನೌಕಾಪಡೆಯ ಬಣ್ಣದ ನೂಲಿನ ಕೆಲಸವನ್ನು ಇಲ್ಲಿ ತಂತಿಯ ದಪ್ಪವೇ ಮಾಡಿತು. ರೈಲ್ವೆ ಸಾಮಾನಿಗೆ 1955ರಲ್ಲಿ ಒಂದು, ಅದರ ಬದಲಿಗೆ 1966ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಳವಿನದೆಂದು ಅನುಮಾನ ಬರುವಂಥ ರೈಲ್ವೆ ಸಾಮಾನು ಯಾರ ಬಳಿ ಸಿಕ್ಕಿತೋ ಅದು ನ್ಯಾಯವಾಗಿ ಬಂದದ್ದೆಂದು ಅವನೇ ತೋರಿಸಬೇಕು. ಬೆಂಗಳೂರೋ ಹುಬ್ಬಳ್ಳಿಯೋ, ಹಳಿಯ ಪಕ್ಕದ ಗುಜರಿ ಅಂಗಡಿಯಲ್ಲಿ ಹಳಿಯ ಕೊಂಡಿ, ಬ್ರೇಕಿನ ಬಿಡಿಭಾಗ ಸಿಕ್ಕರೆ ರೈಲ್ವೆ ರಕ್ಷಣಾ ಪಡೆಯವರು ಕೇಸು ಹಾಕುವುದು ಈ 1966ರ ಕಾಯ್ದೆಯ ಬಲದಿಂದಲೇ.

ಇಂಗ್ಲೆಂಡಿಗೆ ಮರಳೋಣ. 2001ರ ಕೊನೆಯಲ್ಲಿ ಟನ್ನಿಗೆ 1,400 ಡಾಲರಿನ ಆಸುಪಾಸಿನಲ್ಲಿದ್ದ ತಾಮ್ರ 2006ರಲ್ಲಿ 8,000 ದಾಟಿತು. ಚೀನಾದಲ್ಲಿ ಏಳುತ್ತಿದ್ದ ನಗರಗಳಿಗೆ, ಕಾರ್ಖಾನೆಗಳಿಗೆ ಎಷ್ಟು ತಂತಿ ಎಳೆದರೂ ಸಾಲದು. 2008ರ ಕುಸಿತದಲ್ಲಿ ಒಮ್ಮೆ ಪಾತಾಳಕ್ಕಿಳಿದ ಬೆಲೆ 2011ರ ಫೆಬ್ರವರಿಗೆ 10,000 ಡಾಲರನ್ನೂ ಮೀರಿತು. ಈ ಏರಿಳಿತದ ಜೊತೆಗೇ ಬ್ರಿಟನ್ನಿನ ಕಳ್ಳತನವೂ ಏರಿ ಇಳಿಯಿತು. ರೈಲ್ವೆಯ ದಾಖಲೆ ಹಿಡಿದು ಲೆಕ್ಕ ಹಾಕಿದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ತಾಮ್ರದ ಬೆಲೆಗೂ ತಾಮ್ರದ ಕಳವಿಗೂ ಇರುವ ನಂಟನ್ನು ತೋರಿಸಿಕೊಟ್ಟರು.

2005ರ ಡಿಸೆಂಬರ್ 15ರ ರಾತ್ರಿ ಹರ್ಟ್‌ಫರ್ಡ್‌ಶೈರ್‌ನ ಪೆರಿ ಗ್ರೀನ್‌ನಲ್ಲಿರುವ ಹೆನ್ರಿ ಮೂರ್ ಪ್ರತಿಷ್ಠಾನದ ಅಂಗಳಕ್ಕೆ ಕ್ರೇನ್ ಇರುವ ಲಾರಿಯೊಂದು ಬಂತು. ಮೂರ್‌ನ ಒರಗಿ ಮಲಗಿದ ಆಕೃತಿಯ ಕಂಚಿನ ಶಿಲ್ಪ, ಎರಡು ಟನ್ನಿಗೂ ಮೀರಿದ ತೂಕ, ಅದನ್ನು ಎತ್ತಿ ಲಾರಿಗೆ ಹಾಕಿಕೊಂಡು ಹೋದರು. ಬೆಲೆ 30 ಲಕ್ಷ ಪೌಂಡ್ ಎಂದು ಅಂದಾಜು. ಯಾರೋ ಶ್ರೀಮಂತ ಸಂಗ್ರಾಹಕ ಹೇಳಿ ಕದಿಸಿರಬೇಕೆಂಬ ಊಹೆ ಮೊದಲಿಗೆ ಹರಡಿತ್ತು. ಕೆಲವು ವರ್ಷಗಳ ತನಿಖೆಯ ನಂತರ ಪೊಲೀಸರು ಬಂದ ತೀರ್ಮಾನ ಎಂದರೆ, ಅದನ್ನು ಕತ್ತರಿಸಿ ಕರಗಿಸಿದ್ದಾರೆ, ಕಳ್ಳರಿಗೆ ಸಿಕ್ಕಿದ್ದು ಹೆಚ್ಚೆಂದರೆ 1,500 ಪೌಂಡ್. ಕಲೆಯೆಂದು ಅಳೆದರೆ ಮೂವತ್ತು ಲಕ್ಷ, ತಕ್ಕಡಿಯಲ್ಲಿ ಅಳೆದರೆ ಸಾವಿರದ ಐನೂರು. 2011ರ ಡಿಸೆಂಬರಿನಲ್ಲಿ ಲಂಡನ್ನಿನ ಡಲಿಚ್ ಉದ್ಯಾನದಲ್ಲಿ ನಾಲ್ಕು ದಶಕಗಳಿಂದ ನಿಂತಿದ್ದ ಬಾರ್ಬರಾ ಹೆಪ್‌ವರ್ತ್ ಶಿಲ್ಪಕ್ಕೂ ಇದೇ ಗತಿ.

ಶಿಲ್ಪಗಳಿಗೆ ಪತ್ರಿಕೆಗಳ ಮುಖಪುಟವೇನೋ ಸಿಕ್ಕಿತು. ಸರ್ಕಾರವನ್ನು ಅಲುಗಾಡಿಸಿದ್ದು ಬೇರೆ ಸಂಗತಿಗಳು. ಹಳಿಯ ಪಕ್ಕದ ಸಿಗ್ನಲ್ ಕೇಬಲ್ ಕತ್ತರಿಸಿದರೆ, ಅಪಘಾತ ಆಗದಿರಲೆಂದು ಆ ಭಾಗದ ಸಿಗ್ನಲ್‌ಗಳೆಲ್ಲ ತಾವಾಗಿ ಕೆಂಪಿಗೆ ತಿರುಗುತ್ತವೆ. ಕಳ್ಳನ ಕೈಗೆ ಕೆಲವು ಮೀಟರ್ ತಾಮ್ರ, ಬೆಳಗಿನ ರೈಲಿನಲ್ಲಿ ಸಾವಿರಾರು ಜನ ನಿಂತಲ್ಲೇ ನಿಂತಿರುತ್ತಾರೆ. ಮೂರು ವರ್ಷದಲ್ಲಿ ತನಗೆ 4.3 ಕೋಟಿ ಪೌಂಡ್ ನಷ್ಟವಾಯಿತೆಂದು ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಹೇಳಿತು. ಚರ್ಚುಗಳಿಗೆ ವಿಮೆ ಕೊಡುವ ಕಂಪನಿಗೆ 2011ರೊಂದರಲ್ಲೇ 2,500ಕ್ಕೂ ಹೆಚ್ಚು ಲೋಹ ಕಳವಿನ ಕ್ಲೇಮುಗಳು ಬಂದವು. ಅದೇ ವರ್ಷದ ಕೊನೆಯಲ್ಲಿ ವೇಲ್ಸ್‌ನ ಲ್ಯಾಂಡಕ್ ಆಸ್ಪತ್ರೆಯ ಜನರೇಟರಿನ ಕೇಬಲ್ ಕದ್ದದ್ದರಿಂದ ಎಂಬತ್ತರಷ್ಟು ರೋಗಿಗಳ ಶಸ್ತ್ರಚಿಕಿತ್ಸೆ ಮುಂದೂಡಬೇಕಾಯಿತು. ಅತ್ತ ಯುದ್ಧ ಸ್ಮಾರಕಗಳ ಮೇಲಿನ ಕಂಚಿನ ಫಲಕಗಳು, ಮಡಿದ ಸೈನಿಕರ ಹೆಸರುಗಳ ಸಮೇತ, ಒಂದಾದ ಮೇಲೊಂದು ಕಾಣೆಯಾದವು. ಬ್ರಿಟಿಷ್ ಸಂಸದರಿಗೆ ರೈಲು ತಡವಾದರೆ ಸಹನೆ ಇದ್ದೀತು, ಸ್ಮಾರಕದ ವಿಷಯದಲ್ಲಿ ಇಲ್ಲ.

ಒಟ್ಟು ನಷ್ಟ ಎಷ್ಟು? ಪೊಲೀಸ್ ಮುಖ್ಯಸ್ಥರ ಸಂಘ ವರ್ಷಕ್ಕೆ 77 ಕೋಟಿ ಪೌಂಡ್ ಎಂದಿತು. ಡೆಲಾಯ್ಟ್ ಕಂಪನಿಯ ಲೆಕ್ಕಿಗರು 22ರಿಂದ 26 ಕೋಟಿ ಎಂದರು. ಕದ್ದ ಲೋಹದ ಬೆಲೆ ಮಾತ್ರವೋ, ಅದನ್ನು ಮತ್ತೆ ಹಾಕಿಸುವ ಖರ್ಚೂ ಸೇರಿ, ನಿಂತ ರೈಲಿನ ಗಂಟೆಗಳೂ ಸೇರಿಯೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕೋಹೂನ್ ಇದ್ದಿದ್ದರೆ ದೊಡ್ಡ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತಿದ್ದ, ಸಂಸದರೂ ಅದನ್ನೇ ಆರಿಸಿಕೊಂಡರು.

ಕಾನೂನಿಗೆ ಮೊದಲು ಒಂದು ಪ್ರಯೋಗ ನಡೆಯಿತು. 2012ರ ಜನವರಿಯಲ್ಲಿ ಈಶಾನ್ಯ ಇಂಗ್ಲೆಂಡಿನ ಪೊಲೀಸರು, ರೈಲ್ವೆ ಪೊಲೀಸರು ಮತ್ತು ಗುಜರಿ ವ್ಯಾಪಾರಿಗಳ ಸಂಘ ಒಟ್ಟಾಗಿ, ಮಾಲು ತರುವವರಿಂದ ಫೋಟೋ ಇರುವ ಗುರುತಿನ ಚೀಟಿ ಅಥವಾ ವಿಳಾಸದ ದಾಖಲೆ ಕೇಳುವ ಪದ್ಧತಿ ಶುರು ಮಾಡಿದರು. ಕಡ್ಡಾಯವಲ್ಲ, ಒಪ್ಪಿದವರು ಮಾತ್ರ. ಆಪರೇಷನ್ ಟಾರ್ನೇಡೊ ಎಂದು ಹೆಸರು. ಕೆಲವೇ ತಿಂಗಳಲ್ಲಿ ಅಲ್ಲಿನ ಕಳವು ಅರ್ಧಕ್ಕರ್ಧ ಇಳಿದ ವರದಿ ಬಂತು. 1964ರ ಪುಸ್ತಕದ ಓಟೆ ಎಲ್ಲಿದೆ ಎಂದು ಇದರಿಂದ ಎಲ್ಲರಿಗೂ ಗೊತ್ತಾಯಿತು. ಪ್ರಯೋಗ ಶುರುವಾದ ಜನವರಿಯ ಕೊನೆಯಲ್ಲೇ ಗೃಹ ಸಚಿವೆ ತೆರೇಸಾ ಮೇ ನಗದು ವಹಿವಾಟು ನಿಷೇಧದ ನಿರ್ಧಾರ ಪ್ರಕಟಿಸಿದರು. ಬೇರೊಂದು ದೊಡ್ಡ ಮಸೂದೆಯ ಬಾಲಕ್ಕೆ ಅದನ್ನು ಕಟ್ಟಿ, 2012ರ ಡಿಸೆಂಬರ್ 3ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗುಜರಿ ಲೋಹಕ್ಕೆ ನೋಟು ಎಣಿಸುವುದು ಅಪರಾಧವಾಯಿತು. ಫ್ರಾನ್ಸ್ ಇದನ್ನು ಹಿಂದಿನ ವರ್ಷವೇ ಮಾಡಿತ್ತು.

ಮುನ್ನೂರು ವರ್ಷದ ಈ ಕಥೆಯಲ್ಲಿ ನನ್ನ ಎಣಿಕೆಯಂತೆ ನಿಜವಾದ ತಿರುವು ಇದೇ. ಗಡಿಪಾರು, ಮುದ್ರೆ, ಆರಂಗುಲದ ಅಕ್ಷರ, ಅಂಗಡಿಯ ವೇಳೆ, ಕನಿಷ್ಠ ತೂಕ ಇವೆಲ್ಲ ವ್ಯಾಪಾರಿಯ ಪ್ರಾಮಾಣಿಕತೆಯ ಮೇಲೋ ಪೊಲೀಸನ ಓಡಾಟದ ಮೇಲೋ ನಿಂತಿದ್ದವು. ಚೆಕ್ಕು, ಬ್ಯಾಂಕ್ ವರ್ಗಾವಣೆ ಹಾಗಲ್ಲ. ಪುಸ್ತಕದಲ್ಲಿ ಸುಳ್ಳು ಹೆಸರು ಬರೆಸಬಹುದು, ಸುಳ್ಳು ಹೆಸರಿಗೆ ಬಂದ ಚೆಕ್ಕನ್ನು ಎಲ್ಲಿ ನಗದು ಮಾಡುವುದು? ಬರೆಯುವ ಕೆಲಸವನ್ನು ಗುಜರಿಯವನ ಕೈಯಿಂದ ತೆಗೆದು ಬ್ಯಾಂಕಿನ ಗುಮಾಸ್ತನಿಗೆ ಒಪ್ಪಿಸಿದಂತಾಯಿತು.

ಆದರೂ ಒಂದು ಕಿಂಡಿ ಉಳಿದಿತ್ತು. ಮನೆ ಮನೆ ಸುತ್ತಿ ಸಾಮಾನು ಎತ್ತುವ ಸಂಚಾರಿ ಗುಜರಿಯವರಿಗೆ ಮೊದಲ ನಿಷೇಧ ವಿನಾಯಿತಿ ಕೊಟ್ಟಿತ್ತು. ಅದನ್ನು ಮುಚ್ಚಿದ್ದು, ಜೊತೆಗೆ ಕೋಹೂನ್ ಕೇಳಿದ್ದ ಪರವಾನಗಿಯನ್ನು ತಂದದ್ದು, ಕ್ರಾಯ್ಡನ್ ಸೌತ್‌ನ ಸಂಸದ ರಿಚರ್ಡ್ ಆಟವೇ ಮಂಡಿಸಿದ ಖಾಸಗಿ ಮಸೂದೆ. ಸರ್ಕಾರದ ಬೆಂಬಲವಿತ್ತು, ದೊಡ್ಡ ವ್ಯಾಪಾರಿಗಳೂ ಹೂಂ ಎಂದಿದ್ದರು, ಯಾಕೆಂದರೆ ಕಳ್ಳಮಾಲು ಕೊಳ್ಳುವವನ ದರದ ಜೊತೆ ಪೈಪೋಟಿ ಮಾಡುವುದು ಅವರಿಗೂ ಸಾಕಾಗಿತ್ತು. ಆದರೂ 2012ರ ನವೆಂಬರಿನಲ್ಲಿ ಆಳುವ ಪಕ್ಷದವರೇ ಆದ ಒಂದಿಬ್ಬರು ಸಂಸದರು, ಸರ್ಕಾರಿ ನಿಯಂತ್ರಣ ಎಂದರೇ ಮೈ ಉರಿಯುವವರು, ಮಾತಿನಲ್ಲೇ ಮಸೂದೆಯನ್ನು ಮುಳುಗಿಸುವ ಹಂತಕ್ಕೆ ತಂದರು. 1798ರ ದನಿಯೇ ಅದು. ಐದು ವರ್ಷದೊಳಗೆ ಕಾಯ್ದೆಯನ್ನು ಮರುಪರಿಶೀಲಿಸಲೇಬೇಕು ಎಂಬ ಷರತ್ತು ಸೇರಿಸಿ ಸಮಾಧಾನ ಮಾಡಬೇಕಾಯಿತು. 2013ರ ಫೆಬ್ರವರಿ 28ರಂದು ರಾಣಿಯ ಅಂಕಿತ ಬಿತ್ತು, ಅಕ್ಟೋಬರ್ 1ರಂದು ಕಾಯ್ದೆ ಜಾರಿಗೆ ಬಂತು. ಅಂಗಡಿಗೆ ಒಂದು ಬಗೆಯ ಪರವಾನಗಿ, ಸಂಚಾರಿಗೆ ಇನ್ನೊಂದು. ಅಯೋಗ್ಯ ಎನಿಸಿದವನಿಗೆ ಕೊಡದಿರಲು, ಕೊಟ್ಟದ್ದನ್ನು ಕಿತ್ತುಕೊಳ್ಳಲು ನಗರಸಭೆಗೆ ಅಧಿಕಾರ. ಮಾರುವವನ ಹೆಸರು, ವಿಳಾಸ ಪರೀಕ್ಷಿಸಿಯೇ ಬರೆಯಬೇಕು, ದಾಖಲೆಗಳನ್ನು ಮೂರು ವರ್ಷ ಇಡಬೇಕು.

ಫಲ ಸಿಕ್ಕಿತು. 2012-13ರಲ್ಲಿ ಪೊಲೀಸರು ದಾಖಲಿಸಿದ ಲೋಹ ಕಳವುಗಳು 61 ಸಾವಿರದಷ್ಟಿದ್ದವು. 2016-17ರ ಹೊತ್ತಿಗೆ ಅವು 13 ಸಾವಿರದ ಆಸುಪಾಸಿಗೆ ಬಂದವು. ಕಾನೂನಿನ ಗುಣವೋ ಬೆಲೆ ಇಳಿದ ಗುಣವೋ ಎಂಬ ವಾದ ಕೂಡಲೇ ಎದ್ದಿತು. 2011ರ ನಂತರ ಕೆಲವು ವರ್ಷ ತಾಮ್ರ ಒಟ್ಟಾರೆ ಇಳಿಯುತ್ತಲೇ ಇತ್ತು ಎನ್ನುವುದು ನಿಜ. ಗೃಹ ಇಲಾಖೆಯ ಸಂಶೋಧಕರು 2015ರಲ್ಲಿ ಬೆಲೆಯ ಪಾಲನ್ನು ಕಳೆದು ನೋಡಿ, ಇಳಿಕೆಯಲ್ಲಿ ಪೊಲೀಸ್ ಕಾರ್ಯಾಚರಣೆ ಮತ್ತು ಕಾನೂನಿನ ಪಾಲೂ ಇದೆ ಎಂದರು. ಇದು ಕೇಳುವುದಕ್ಕೆ ಸಣ್ಣದು ಅನಿಸಬಹುದು. ಕೋಹೂನ್‌ನ ನಂತರದ ಯಾವ ಕಾಯ್ದೆಗೂ ಇಷ್ಟರ ಮಟ್ಟಿಗಿನ ಪುರಾವೆ ಇಲ್ಲ.

ಪೆಟ್ಟು ಬಿದ್ದದ್ದು ಯಾರಿಗೆ ಎನ್ನುವುದನ್ನೂ ಹೇಳಬೇಕು. ಬ್ಯಾಂಕ್ ಖಾತೆಯಿಲ್ಲದ, ಹಳೆಯ ವ್ಯಾನಿನಲ್ಲಿ ತುಕ್ಕು ಹಿಡಿದ ಬಾಯ್ಲರು, ಮುರಿದ ಸೈಕಲ್ಲು ಎತ್ತಿ ದಿನದ ದುಡ್ಡು ದಿನವೇ ಕಾಣುತ್ತಿದ್ದವನಿಗೆ ಪರವಾನಗಿಯ ಶುಲ್ಕ, ಖಾತೆ, ದಾಖಲೆಗಳ ಗೊಡವೆ ಒಟ್ಟಿಗೆ ಬಂದವು. ರೋಮಾ ಮತ್ತು ಅಲೆಮಾರಿ ಸಮುದಾಯಗಳ ಎಷ್ಟೋ ಮನೆತನಗಳು ತಲೆಮಾರುಗಳಿಂದ ಬದುಕಿದ್ದು ಇದೇ ಕಸುಬಿನಲ್ಲಿ. 1871ರ 56 ಪೌಂಡಿನ ಕೋಷ್ಟಕದಂತೆ ಈ ಕಾಯ್ದೆಯೂ ಸಣ್ಣವನಿಗೇ ಭಾರ, ದೊಡ್ಡ ಕಂಪನಿಗೆ ಹಗುರ.

2017ರ ಡಿಸೆಂಬರಿನ ಮರುಪರಿಶೀಲನೆ ಕಾಯ್ದೆಯನ್ನು ಉಳಿಸಿಕೊಳ್ಳಬೇಕೆಂದಿತು. ಅದನ್ನು ಜಾರಿ ಮಾಡಬೇಕಾದ ಕೈಗಳು ಮಾತ್ರ ಕಡಿಮೆಯಾಗಿದ್ದವು. ಲೋಹ ಕಳವಿಗೆಂದೇ ಕಟ್ಟಿದ ರಾಷ್ಟ್ರೀಯ ಪೊಲೀಸ್ ತಂಡಕ್ಕೆ ಹಣ 2014ರಲ್ಲೇ ನಿಂತಿತ್ತು, ನಗರಸಭೆಗಳ ಬಳಿ ಪರವಾನಗಿ ಪರೀಕ್ಷಿಸುವ ಸಿಬ್ಬಂದಿಯಿರಲಿಲ್ಲ. 2018ರಲ್ಲಿ ಬೆಡ್‌ಫರ್ಡ್‌ಶೈರ್‌ನ ಹೌಟನ್ ಕಾಂಕ್ವೆಸ್ಟ್ ಎಂಬ ಹಳ್ಳಿಯ ಚರ್ಚು ತನ್ನ ಸೀಸದ ಹೊದಿಕೆಯನ್ನು ಟನ್ನುಗಟ್ಟಲೆ ಕಳೆದುಕೊಂಡಿತು. ಅನೇಕ ಚರ್ಚುಗಳು ಈಗ ಸೀಸದ ಸಹವಾಸವೇ ಬೇಡವೆಂದು ಲೇಪನವಿರುವ ಸ್ಟೀಲ್ ತಗಡು ಹಾಕಿಸುತ್ತಿವೆ. ಇನ್ನು ಕೆಲವು ನೌಕಾಪಡೆಯ ಹಳೆಯ ಉಪಾಯಕ್ಕೆ ಮರಳಿ, ವಿಶೇಷ ಬೆಳಕಿನಲ್ಲಿ ಮಾತ್ರ ಕಾಣುವ ಗುರುತಿನ ದ್ರವವನ್ನು ಸೀಸಕ್ಕೆ ಬಳಿಯುತ್ತವೆ. ಕಳ್ಳರೂ ಸುಮ್ಮನೆ ಕೂತಿಲ್ಲ. 2019ರ ಸುಮಾರಿಗೆ ಅವರ ಕಣ್ಣು ಕಾರಿನ ತಳಕ್ಕೆ ಬಿತ್ತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪಲ್ಲಾಡಿಯಂ, ರೋಡಿಯಂ ಇರುತ್ತವೆ, 2021ರ ವಸಂತದಲ್ಲಿ ರೋಡಿಯಂ ಔನ್ಸಿಗೆ 29,000 ಡಾಲರ್ ಮುಟ್ಟಿತ್ತು. ಜಾಕ್ ಕೊಟ್ಟು ಕಾರನ್ನು ಎತ್ತಿ, ಗರಗಸ ಹಿಡಿದು ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ಹಾಗೆ ಕತ್ತರಿಸಿ ತಂದದ್ದರಲ್ಲಿ ಒಂದು ಪಾಲು ಊರಿನ ಗುಜರಿ ಅಂಗಡಿಗೆ ಬರುವುದೇ ಇಲ್ಲ. ಅಂತರ್ಜಾಲದಲ್ಲಿ ಮಾರಾಟವಾಗಿ, ಇಲ್ಲವೆ ಕಂಟೇನರಿನಲ್ಲಿ ತುಂಬಿ ದೇಶದ ಹೊರಗೆ ಹೋಗುತ್ತದೆ. ಅಲ್ಲಿ ಅದನ್ನು ಕೊಳ್ಳುವವನ ಹೆಸರು ಇಂಗ್ಲೆಂಡಿನ ಯಾವ ನಗರಸಭೆಯ ಪಟ್ಟಿಯಲ್ಲೂ ಇಲ್ಲ.